ಬಾಯ್ಲರಿನ ಕಾಗದ

ರೋಗಿಗಳ ಬಟ್ಟೆ ಒಗೆಯುವವರಿಗೆ ರೋಗ ಬರಕೂಡದು ಅಂತ ಯಾವ ಬ್ರಹ್ಮನೂ ಬರೆದಿರಲಿಲ್ಲ. ಮೇಸ್ತ್ರಿ ಬರೆದಿದ್ದ. ಬಾಗಿಲ ಪಕ್ಕದ ಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ: ಒಬ್ಬಳು ಬರದಿದ್ದರೆ ಜೋಡಿಯ ಇಬ್ಬರಿಗೂ ಕೂಲಿ ಇಲ್ಲ.

ಆ ಲಾಂಡ್ರಿಗೆ ಏಳು ಆಸ್ಪತ್ರೆಗಳ ಶೀಟುಗಳು ಬರುತ್ತಿದ್ದವು. ಬೆಳಿಗ್ಗೆ ಆರಕ್ಕೆ ಲಾರಿ ಬಂದು ಹಿಂಬಾಗಿಲಲ್ಲಿ ಗಂಟುಗಳನ್ನು ಕೆಡವಿ ಹೋಗುತ್ತಿತ್ತು. ಗಂಟು ಬಿಚ್ಚಿದರೆ ರಕ್ತ, ಕೀವು, ಉಚ್ಚೆ, ಹೇಲು. ಒಮ್ಮೊಮ್ಮೆ ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು. ಅಂಥ ಹಲ್ಲುಗಳನ್ನು ಮೇಸ್ತ್ರಿ ತೊಳೆಸಿ ಕಿಟಕಿಯಲ್ಲಿ ಸಾಲಾಗಿ ಇಡಿಸಿದ್ದ. ಕೇಳಿಕೊಂಡು ಯಾರೂ ಬಂದಿರಲಿಲ್ಲ. ಹದಿನಾಲ್ಕು ಸೆಟ್ಟು ಹಲ್ಲು ಹೆಂಗಸರನ್ನು ನೋಡಿಕೊಂಡು ದಿನವಿಡೀ ನಗುತ್ತಿದ್ದವು.

ಒಗೆಯಲು ಯಂತ್ರವಿತ್ತು. ಹಿಂಡಲು ಯಂತ್ರವಿತ್ತು. ಇಸ್ತ್ರಿಗೆ ಎರಡಾಳುದ್ದದ ಬಿಸಿ ಉರುಳೆ ಇತ್ತು. ಮಡಚಲು ಮಾತ್ರ ಯಂತ್ರವಿರಲಿಲ್ಲ, ಹೆಂಗಸರಿದ್ದರು. ಯಂತ್ರ ಕೊಳ್ಳಬೇಕು, ಹೆಂಗಸರು ತಾವಾಗಿಯೇ ಬರುತ್ತಾರೆ. ಉರುಳೆಯಿಂದ ಹಬೆಯಾಡುತ್ತ ಇಳಿಯುವ ಶೀಟಿನ ಎರಡು ಮೂಲೆ ಒಬ್ಬಳು ಹಿಡಿಯಬೇಕು, ಎರಡು ಮೂಲೆ ಇನ್ನೊಬ್ಬಳು. ಜಗ್ಗಬೇಕು. ಒದರಬೇಕು. ಹತ್ತಿರ ಬಂದು ಮೂಲೆ ಕೊಡಬೇಕು. ಬಗ್ಗಿ ಮಡಿಕೆ ಹಿಡಿದು ಹಿಂದೆ ಸರಿಯಬೇಕು. ಬೆರಳ ತುದಿಯ ಚರ್ಮ ಮೊದಲನೇ ವಾರವೇ ಸುಟ್ಟು ಹೋಗುತ್ತದೆ. ಆಮೇಲೆ ಬರುವ ಚರ್ಮ ಯಾರದೋ ಬೇರೆಯವರದು.

ಇಬ್ಬರ ಎತ್ತರ ಒಂದೇ ಇರಬೇಕು. ಇಲ್ಲದಿದ್ದರೆ ಅಂಚು ಓರೆಯಾಗುತ್ತದೆ, ಆಸ್ಪತ್ರೆಯವರು ವಾಪಸು ಕಳಿಸುತ್ತಾರೆ. ಅದಕ್ಕೇ ಕೆಲಸಕ್ಕೆ ಸೇರಿದ ದಿನ ಅಲ್ಲಿ ಹೆಸರು ಕೇಳುತ್ತಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ನೆತ್ತಿಯ ಮೇಲೆ ಪೆನ್ಸಿಲಿನ ಗೀಟು ಎಳೆಯುತ್ತಿದ್ದರು. ಗೀಟಿಗೆ ಗೀಟು ಕೂಡಿದವರು ಜೋಡಿ. ಗಂಡಿಗೆ ಹೆಣ್ಣು ನೋಡುವವರೂ ಇಷ್ಟು ಅಳೆದು ಸುರಿದು ನೋಡುವುದಿಲ್ಲ.

ಇಪ್ಪತ್ತೆರಡು ಹೆಂಗಸರಲ್ಲಿ ಎಲ್ಲರಿಗಿಂತ ಕುಳ್ಳಿ ಗುಬ್ಬಚ್ಚಿ. ಎಲ್ಲರಿಗಿಂತ ಉದ್ದ ಇಬ್ಬರು, ಏಣಿ ಮತ್ತು ಕೊಕ್ಕರೆ. ಹನ್ನೊಂದು ವರ್ಷದಿಂದ ಅವರಿಬ್ಬರೂ ಜೋಡಿ. ಏಣಿಯ ಗಂಡ ಲಾರಿ ಹತ್ತಿದನೆಂದರೆ ತಿಂಗಳುಗಟ್ಟಲೆ ಪತ್ತೆಯಿಲ್ಲದವನು. ಅವನ ಮುಖಕ್ಕಿಂತ ಕೊಕ್ಕರೆಯ ಮುಖವನ್ನೇ ಅವಳು ಹೆಚ್ಚು ನೋಡಿದ್ದಳು. ಕೊಕ್ಕರೆಯ ಮೂಗಿನ ಮೇಲೆ ಬೆವರಿನ ಹನಿ ಯಾವ ಹೊತ್ತಿಗೆ ಕೂರುತ್ತದೆ, ಯಾವ ಹೊತ್ತಿಗೆ ಬೀಳುತ್ತದೆ ಅನ್ನುವುದು ಅವಳಿಗೆ ಬಾಯಿಪಾಠ.

ಆ ದಿನ ಬೆಳಕು ಹರಿಯುವ ಮೊದಲೇ ಏಣಿಯ ಹೊಟ್ಟೆ ಕೆಟ್ಟಿತು. ಕಕ್ಕಸಿಗೂ ಚಾಪೆಗೂ ಓಡಾಡಿ ಓಡಾಡಿ ಕೊನೆಗೆ ಗೋಡೆ ಹಿಡಿದು ಕೂತಳು. ಅತ್ತೆ ಉಪ್ಪು ಸಕ್ಕರೆ ಕಲಸಿದ ನೀರು ತಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಎಷ್ಟು ಸಲ ಆಯ್ತೇ?"

"ಎಣಿಸೋದು ಬಿಟ್ಟೆ ಅತ್ತೆ."

"ಒಳಗೆ ಏನಾದ್ರೂ ಉಳಿದಿದೆಯಾ?"

"ಜೀವ ಒಂದಿದೆ. ಅದೂ ಬಾಗಿಲ ಹತ್ರ ನಿಂತಿದೆ."

"ಹಂಗಾದ್ರೆ ಮಲಕ್ಕೋ," ಅಂದಳು ಅತ್ತೆ. ಅವಳೂ ಒಂದು ಕಾಲಕ್ಕೆ ಅದೇ ಲಾಂಡ್ರಿಯಲ್ಲಿ ಮಡಚಿದವಳೇ. ಈಗ ಬೆನ್ನು ಅರ್ಧ ಮಡಚಿದ ಶೀಟಿನಂತೆ ನಿಂತುಹೋಗಿತ್ತು. "ಇಪ್ಪತ್ತಾರು ವರ್ಷ ಆ ಹಾಳು ಉರುಳೆ ಮುಂದೆ ನಿಂತೆ. ಒಂದೇ ಒಂದು ದಿನ ಮಲಗಿದ್ದು, ನಿನ್ನ ಗಂಡನ್ನ ಹೆತ್ತ ದಿನ. ಆವತ್ತೂ ಕೂಲಿ ಹಿಡಿದ್ರು. ಈಗ ಅವನನ್ನ ನೋಡಿದ್ರೆ ಹಿಡಿದಿದ್ದೇ ಸರಿ ಅನ್ಸುತ್ತೆ ಬಿಡು."

ಏಣಿಗೆ ನಗು ಬಂತು. ನಕ್ಕರೆ ಅಪಾಯವೆಂದು ತುಟಿ ಕಚ್ಚಿ ಹಿಡಿದಳು.

ಅಷ್ಟರಲ್ಲಿ ಬಾಗಿಲಿಗೆ ಕೊಕ್ಕರೆಯ ನೆರಳು ಬಿತ್ತು. ಹೊಸ್ತಿಲು ದಾಟಲು ಅವಳು ತಲೆ ತಗ್ಗಿಸಿದಳು, ಮಾತು ತಗ್ಗಿಸಲಿಲ್ಲ.

"ಎದ್ದೇಳೆ."

"ಆಗಲ್ಲ ಕಣೇ."

"ನಿನಗಾಗದಿದ್ರೆ ನನಗೆ ಆಗಲ್ವಲ್ಲ. ಹೋದ ತಿಂಗಳು ನಿನ್ನ ಹಲ್ಲುನೋವಿಗೆ ನಂದು ಎರಡು ದಿನ ಹೋಯ್ತು. ಹಲ್ಲು ನಿಂದು, ಉಪವಾಸ ನಂದು. ಸಾಯೋದಿದ್ರೆ ಭಾನುವಾರ ಸಾಯಿ."

"ವಾರಕ್ಕೊಂದು ಭಾನುವಾರ," ಅಂದಳು ಅತ್ತೆ. "ಆವತ್ತಾದ್ರೂ ಬದುಕಲಿ ಬಿಡೇ."

ಕೊಕ್ಕರೆ ಕೆಟ್ಟವಳಲ್ಲ. ಮನೆಯಲ್ಲಿ ಮೂರು ಮಕ್ಕಳು, ಕೆಮ್ಮುವ ಅಪ್ಪ. ಮೇಸ್ತ್ರಿಯ ನಿಯಮದ ಮರ್ಮವೇ ಇದು. ಅವನು ಯಾರ ಮನೆಗೂ ಕಾವಲುಗಾರನನ್ನು ಅಟ್ಟುತ್ತಿರಲಿಲ್ಲ. ಕಾಯಿಲೆ ಬಿದ್ದವಳ ಮನೆಗೆ ಅವಳ ಜೋಡಿಯೇ ಹೋಗಿ ಜುಟ್ಟು ಹಿಡಿದು ಎಳೆದು ತರುತ್ತಿದ್ದಳು. ಬೈಗುಳ ಅವಳ ಬಾಯಿಗೆ, ಶಾಪ ಅವಳ ತಲೆಗೆ. ಮೇಸ್ತ್ರಿಯ ಕೈ ಮಾತ್ರ ಶುಭ್ರ, ಈಗಷ್ಟೇ ಉರುಳೆಯಿಂದ ಇಳಿದ ಶೀಟಿನ ಹಾಗೆ.

ಏಣಿ ಎದ್ದಳು.

ಲಾಂಡ್ರಿಯ ಬಾಗಿಲಲ್ಲಿ ಮೇಸ್ತ್ರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವನೇ ಕುಳ್ಳ, ಆದ್ದರಿಂದ ನಿಜದಲ್ಲಿ ಕೆಳಗಿಂದ ಮೇಲೆ ನೋಡಿದ.

"ಏನೇ ಏಣಿ, ಬಣ್ಣ ಬಿಟ್ಟಿದ್ದೀಯ?"

"ಭೇದಿ ಸಾರ್. ವಾಂತಿ. ಜ್ವರಾನೂ ಇದೆ."

"ಯಾವುದಾದ್ರೂ ಒಂದು ಹೇಳು. ಮೂರು ಹೇಳಿದ್ರೆ ಸುಳ್ಳು ಅನ್ಸುತ್ತೆ."

ಜೇಬಿನಿಂದ ಥರ್ಮಾಮೀಟರ್ ತೆಗೆದ. ಪೆನ್ನು, ಬೀಡಿ, ಬಾಚಣಿಗೆಯ ಜೊತೆ ಅದೂ ಅಲ್ಲೇ ವಾಸ. ಎಲ್ಲರ ಕಂಕುಳನ್ನೂ ಕಂಡ ಯಂತ್ರ. ಏಣಿಯ ಕಂಕುಳಿಗೂ ಹೋಗಿ ಬಂತು.

"ತೊಂಬತ್ತೆಂಟೂವರೆ. ನನಗಿಂತ ಗಟ್ಟಿಯಾಗಿದ್ದೀಯ."

ಆ ಥರ್ಮಾಮೀಟರ್ ಯಾವತ್ತೂ ತೊಂಬತ್ತೆಂಟೂವರೆಯೇ. ಒಮ್ಮೆ ಗುಬ್ಬಚ್ಚಿ ಅದನ್ನು ಕದ್ದು ತನ್ನ ಕುದಿಯುವ ಚಹಾದಲ್ಲಿ ಅದ್ದಿ ನೋಡಿದ್ದಳು. ಚಹಾಕ್ಕೂ ಜ್ವರವಿರಲಿಲ್ಲ. ಅದರೊಳಗಿನ ಪಾದರಸಕ್ಕೇ ಪಾರ್ಶ್ವವಾಯು ಹೊಡೆದಿದೆ, ಪಾಪ, ಅದಕ್ಕಾದರೂ ರಜೆ ಕೊಡಿ ಅಂತ ಹೆಂಗಸರು ಆಡಿಕೊಳ್ಳುತ್ತಿದ್ದರು.

ಉರುಳೆ ತಿರುಗಿತು. ಶೀಟು ಇಳಿಯಿತು. ಹಿಡಿ, ಜಗ್ಗು, ಒದರು. ಹತ್ತಿರ ಬಾ, ಬಗ್ಗು. ಬಗ್ಗಿದಾಗಲೆಲ್ಲ ಏಣಿಯ ಹೊಟ್ಟೆಯನ್ನು ಯಾರೋ ಹಿಂಡುವ ಯಂತ್ರಕ್ಕೆ ಹಾಕಿದಂತಾಗುತ್ತಿತ್ತು. ಕಕ್ಕಸಿನ ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ಒಬ್ಬೊಬ್ಬರಿಗೆ ಮಧ್ಯಾಹ್ನದವರೆಗೆ ಎರಡು ಸಲ. ಏಣಿಯ ಎರಡು ಸಲ ಮೊದಲ ಅರ್ಧ ಗಂಟೆಯಲ್ಲೇ ಮುಗಿಯಿತು. ಮೂರನೆಯ ಸಲ ಓಡಿ ಬಂದು ಕೈ ಚಾಚಿದಳು.

"ಎರಡಾಯ್ತು," ಅಂದ ಮೇಸ್ತ್ರಿ.

"ಸಾರ್, ತಡಿಯಲ್ಲ ಸಾರ್."

"ನಿನಗೊಬ್ಬಳಿಗೇ ಮೂರು ಕೊಟ್ರೆ ಬೇರೆಯವರು ಸುಮ್ನಿರ್ತಾರಾ?"

ಬೇರೆಯವರು ಸುಮ್ಮನೇ ಇದ್ದರು. ಹೊಟ್ಟೆ ಸುಮ್ಮನಿರಲಿಲ್ಲ.

ನಿಂತಲ್ಲೇ ಆಗಿಹೋಯಿತು. ಬಿಸಿಯಾಗಿ ಕಾಲಗುಂಟ ಇಳಿಯಿತು. ಏಳು ಆಸ್ಪತ್ರೆಗಳ ಹೇಲು ಬಳಿದ ಇಪ್ಪತ್ತೊಂದು ಹೆಂಗಸರು ಮುಖ ತಿರುಗಿಸಿಕೊಂಡರು, ಅಸಹ್ಯದಿಂದಲ್ಲ. ನೋಡಿದರೆ ಅವಳಿಗೆ ಇನ್ನಷ್ಟು ನೋವಾಗುತ್ತದೆಂದು. ಮೇಸ್ತ್ರಿ ಮಾತ್ರ ನೋಡಿದ. ನಕ್ಕ. ಕಿಟಕಿಯ ಹದಿನಾಲ್ಕು ಸೆಟ್ಟಿನ ಜೊತೆ ಹದಿನೈದನೆಯದು.

ಹಿಂಬಾಗಿಲ ನಲ್ಲಿಯಲ್ಲಿ ಏಣಿ ಮೈ ತೊಳೆದುಕೊಂಡಳು. ಸೀರೆ ಹಿಂಡಿ ಕಟ್ಟೆಯ ಮೇಲೆ ಹರವಿ, ಕೊಕ್ಕರೆ ತಂದುಕೊಟ್ಟ ಆಸ್ಪತ್ರೆಯ ಶೀಟೊಂದನ್ನು ಸುತ್ತಿಕೊಂಡು ಒಳಗೆ ಬಂದಳು.

"ಆ ಶೀಟು ಮತ್ತೆ ಒಗೀಬೇಕು, ನಿನ್ನ ಲೆಕ್ಕಕ್ಕೇ," ಅಂದ ಮೇಸ್ತ್ರಿ. "ಹೋಗು, ಬಾಯ್ಲರ್ ಹತ್ರ ಕೂತು ಒಣಕ್ಕೋ. ಹತ್ತು ನಿಮಿಷ."

ಬಾಯ್ಲರಿನ ಪಕ್ಕದ ಸ್ಟೂಲಿನ ಮೇಲೆ ಅವಳು ಕೂತಳು. ಬಾಯ್ಲರ್ ಹೊಟ್ಟೆ ತುಂಬಿದ ಯಜಮಾನನಂತೆ ಗುಡುಗುಡು ಅನ್ನುತ್ತಿತ್ತು. ಹೋದ ವರ್ಷ ಇದಕ್ಕೂ ಹೊಟ್ಟೆ ಕೆಟ್ಟಿತ್ತು. ಮೂರು ದಿನ ಮಲಗಿತ್ತು. ದೂರದ ಊರಿನಿಂದ ಇಂಜಿನಿಯರ್ ಬಂದ, ಮೈ ಸವರಿದ, ಕಿವಿಯಿಟ್ಟು ಕೇಳಿದ. ಮ್ಯಾನೇಜರ್ ಸಾಹೇಬರು ಬಾಗಿಲಲ್ಲಿ ನಿಂತು ಹೇಗಿದೆ ಹೇಗಿದೆ ಅಂತ ಹೆತ್ತ ತಾಯಿಯಂತೆ ಕೇಳಿದ್ದರು. ಯಾರೂ ಅದರ ಕಂಕುಳಿಗೆ ಥರ್ಮಾಮೀಟರ್ ಇಡಲಿಲ್ಲ. ಎರಡಕ್ಕಿಂತ ಹೆಚ್ಚು ಸಲ ನೀರು ಬಿಟ್ಟೆ ಅಂತ ಬೈಯಲಿಲ್ಲ.

ಬಾಯ್ಲರಿನ ಮೇಲಿನ ಗೋಡೆಯಲ್ಲಿ, ಎತ್ತರದಲ್ಲಿ, ಗಾಜು ಹಾಕಿಸಿದ ಒಂದು ಚೌಕಟ್ಟು ಇತ್ತು. ಬಟ್ಟೆಯ ಜುಂಗು ಹಬೆಯಲ್ಲಿ ನೆನೆದು ಗಾಜಿಗೆ ಕಂಬಳಿಯಂತೆ ಮೆತ್ತಿತ್ತು. ಅದು ಬಾಯ್ಲರಿನ ಕಾಗದ ಅಂತ ಮೇಸ್ತ್ರಿ ಎಂದೋ ಹೇಳಿದ್ದ. ಬಾಯ್ಲರಿನ ಮೇಲಿದ್ದ ಮೇಲೆ ಬಾಯ್ಲರಿನದೇ ಇರಬೇಕು ಅಂತ ಎಲ್ಲರೂ ನಂಬಿದ್ದರು. ವರ್ಷಕ್ಕೊಮ್ಮೆ ಬರುವ ಸರ್ಕಾರಿ ಸಾಹೇಬ ಬಾಗಿಲಿನಿಂದಲೇ ಬೆರಳು ತೋರಿಸಿ, "ಇದೆಯಲ್ಲ, ಇದೆ" ಅಂತ ಬರೆದುಕೊಂಡು ಹೋಗುತ್ತಿದ್ದ. ಚೌಕಟ್ಟಿನ ಮೊಳೆ ಉದ್ದವಾಗಿತ್ತು. ಅದು ಏಣಿ, ಕೊಕ್ಕರೆ ಇಬ್ಬರಿಗೆ ಮಾತ್ರ ಎಟುಕುತ್ತಿತ್ತು. ಸಂಜೆ ಹೋಗುವಾಗ ಇಬ್ಬರೂ ಒದ್ದೆ ಏಪ್ರನ್ನುಗಳನ್ನು ಅದಕ್ಕೇ ನೇತು ಹಾಕುತ್ತಿದ್ದರು. ಬಾಯ್ಲರಿನ ಬಿಸಿಗೆ ಬೆಳಗಾಗುವುದರೊಳಗೆ ಒಣಗಿರುತ್ತಿದ್ದವು.

ಹತ್ತು ನಿಮಿಷವಾಯಿತೆಂದು ಮೇಸ್ತ್ರಿ ಕೂಗಿದ. ಏಣಿ ಎದ್ದಳು. ಕಣ್ಣು ಕತ್ತಲಿಟ್ಟಿತು. ಆಸರೆಗೆಂದು ಮೊಳೆ ಹಿಡಿದಳು. ತೋಳಿಗೆ ಸುತ್ತಿದ್ದ ಶೀಟಿನ ಅಂಚು ಗಾಜನ್ನು ಸವರಿ ಒಂದು ಪಟ್ಟಿಯಷ್ಟು ಜುಂಗನ್ನು ಎಳೆದು ಹಾಕಿತು. ಒಳಗೆ ಒಂದು ಪದ ಕಾಣಿಸಿತು.

ಕಾಯಿಲೆ.

ಬಾಯ್ಲರಿನ ಕಾಯಿಲೆಯನ್ನೂ ಗಾಜು ಹಾಕಿಸಿ ಇಡುತ್ತಾರಾ ಅಂದುಕೊಂಡಳು. ಇನ್ನೊಂದು ಸಲ ಒರೆಸಿದಳು. ಏಳನೇ ಕ್ಲಾಸಿನವರೆಗೆ ಓದಿದ್ದಳು. ತುಟಿ ಆಡಿಸುತ್ತ, ಬೆರಳು ಓಡಿಸುತ್ತ ಓದಿದಳು.

ಕೆಲಸಗಾರರಿಗೆ ಕಾಯಿಲೆಯಾದಲ್ಲಿ ಮೊದಲನೇ ದಿನದಿಂದಲೇ ಕೂಲಿ ಸಹಿತ ರಜೆ ಕೊಡತಕ್ಕದ್ದು. ದಿನಗೂಲಿಯವರಿಗೂ ಇದು ಅನ್ವಯ. ಏಳು ದಿನಗಳವರೆಗಿನ ಕಾಯಿಲೆಗೆ ವೈದ್ಯರ ಚೀಟಿ ಕೇಳತಕ್ಕದ್ದಲ್ಲ, ಕೆಲಸಗಾರರು ಸ್ವತಃ ಬರೆದುಕೊಟ್ಟರೆ ಸಾಕು. ಈ ಪ್ರತಿಯನ್ನು ಎಲ್ಲ ಕೆಲಸಗಾರರ ಕಣ್ಣಿಗೂ ಬೀಳುವ ಎತ್ತರದಲ್ಲಿ ತೂಗುಹಾಕತಕ್ಕದ್ದು.

ಅವಳು ಚೌಕಟ್ಟನ್ನು ಮೊಳೆಯಿಂದ ಕಿತ್ತು ಎದೆಗವಚಿಕೊಂಡು ಕೊಕ್ಕರೆಯ ಹತ್ತಿರ ಬಂದಳು. ಓದಿ ಹೇಳಿದಳು. ಕೊಕ್ಕರೆ ಏಪ್ರನ್ನಿನ ತುದಿಯಿಂದ ಗಾಜಿನ ಉಳಿದ ಜುಂಗು ಒರೆಸಿದಳು.

"ಇದು ಬಾಯ್ಲರಿಂದು ಅಲ್ವಾ?"

"ಅಲ್ಲ. ನಮ್ದು."

"ಹನ್ನೊಂದು ವರ್ಷ ಇದರ ಮೇಲೆ ಏಪ್ರನ್ ಹಾಕಿದ್ದು ನಾವೇನಾ?"

"ಹೂಂ."

"ಅಲ್ಲಿಗೆ ಎಟುಕೋರೂ ನಾವಿಬ್ರೇ."

"ಹೂಂ."

"ಥೂ, ನಮ್ಮ ಎತ್ತರಕ್ಕಿಷ್ಟು."

ಹಜಾರದ ತುದಿಯಲ್ಲಿ ಮ್ಯಾನೇಜರ್ ಸಾಹೇಬರ ಗಾಜಿನ ಕೋಣೆ. ಏಣಿ ಶೀಟು ಸುತ್ತಿಕೊಂಡೇ ಒಳಗೆ ಹೋದಳು. ಚೌಕಟ್ಟನ್ನು ಮೇಜಿನ ಮೇಲಿಟ್ಟಳು. ಅಲ್ಲೇ ಇದ್ದ ಕಾಗದ ಎಳೆದುಕೊಂಡು ನಿಂತೇ ಬರೆದಳು: ನನಗೆ ಭೇದಿ, ಜ್ವರ. ಇವತ್ತು ರಜೆ. ನಾಳೆಯೂ ಬೇಕಾಗುತ್ತದೆ.

ಸಾಹೇಬರು ಎತ್ತರದ ಆಳು. ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ. ಓದಿದರು. ನಕ್ಕರು. ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

"ಕಾಗದದ ಮಾತು ಕಾಗದದಲ್ಲಿರುತ್ತೆ ಕಣಮ್ಮ."

ಏಣಿ ಹೊರಗೆ ಬಂದಳು. ಶೀಟುಗಳಿಗೆ ಆಸ್ಪತ್ರೆಯ ಗುರುತು ಹೊಲಿಯುವ ಬಟ್ಟೆಪಟ್ಟಿಯಿಂದ ಒಂದು ಮೊಳ ಕತ್ತರಿಸಿದಳು. ಗುರುತು ಹಾಕುವ ಕಪ್ಪು ಮಸಿಯಲ್ಲಿ ಅದನ್ನೇ ಮತ್ತೆ ಬರೆದಳು. ಕೊನೆಗೆ ಒಂದು ಸಾಲು ಸೇರಿಸಿದಳು: ಸಾಕ್ಷಿ ಬೇಕಾದಲ್ಲಿ ಹಿಂಬಾಗಿಲ ನಲ್ಲಿಯ ಹತ್ತಿರ ನೋಡುವುದು. ಒಳಗೆ ತಂದು ಸಾಹೇಬರ ಮುಂದೆ ಹಾಸಿದಳು.

ಸಾಹೇಬರು ಅದನ್ನೂ ಹರಿಯಲು ಹೋದರು. ಹರಿಯಲಿಲ್ಲ. ಹಲ್ಲು ಹಚ್ಚಿದರು. ಅರವತ್ತು ಸಲ ಕುದಿಸಿದರೂ ಹರಿಯದ ಪಟ್ಟಿ, ಅರವತ್ತು ಸಲ ಒಗೆದರೂ ಹೋಗದ ಮಸಿ. ಲಾಂಡ್ರಿಯ ಮ್ಯಾನೇಜರಿಗೆ ಅದು ಗೊತ್ತಿರಲಿಲ್ಲ. ಗಾಜಿನಾಚೆ ಇಪ್ಪತ್ತೊಂದು ಹೆಂಗಸರು ನೋಡುತ್ತಿದ್ದರು. ಗುಬ್ಬಚ್ಚಿ ಕಾಣದೆ ಗಂಟಿನ ಮೇಲೆ ಹತ್ತಿ ನಿಂತಿದ್ದಳು.

ಸಾಹೇಬರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ದನಿ ಮೆತ್ತಗಾಯಿತು.

"ಆಯ್ತಮ್ಮ. ನಿನಗೆ ಎರಡು ದಿನ ಕೂಲಿ ಸಮೇತ ರಜಾ. ಆದ್ರೆ ನಿನ್ನ ಜೋಡಿಗೆ ಕಾಯಿಲೆ ಇಲ್ವಲ್ಲ. ಜೋಡಿ ಇಲ್ಲ ಅಂದ್ರೆ ಕೆಲಸ ಇಲ್ಲ, ಕೆಲಸ ಇಲ್ಲ ಅಂದ್ರೆ ಕೂಲಿ ಇಲ್ಲ. ಅದು ಇದರಲ್ಲಿ ಬರೆದಿಲ್ಲ. ಬೇಕಾದ್ರೆ ಓದ್ಕೋ."

ಏಣಿ ತಿರುಗಿ ನೋಡಿದಳು. ಬಾಗಿಲಲ್ಲಿ ಕೊಕ್ಕರೆ ನಿಂತಿದ್ದಳು. ಮೂಗಿನ ಮೇಲೆ ಬೆವರಿನ ಹನಿ. ಅದು ಬೀಳುವ ಹೊತ್ತಲ್ಲ, ಬಿತ್ತು. ಬೆಳಿಗ್ಗೆ ಹೊಸ್ತಿಲಲ್ಲಿ ಅಷ್ಟು ಮಾತಾಡಿದ್ದವಳು ಈಗ ಕೂಲಿಯ ಮಾತೇ ಎತ್ತಲಿಲ್ಲ. "ನೀನು ಮನೆಗೆ ಹೋಗೇ," ಅಂದಳು ಅಷ್ಟೇ.

ಹೋಗಬಹುದಿತ್ತು. ಚಾಪೆ ಕಣ್ಣೆದುರು ಬಂತು. ಅತ್ತೆಯ ಉಪ್ಪುನೀರು ಬಂತು. ಹೋದರೆ ಅವಳ ಎರಡು ದಿನ ಅವಳಿಗೆ, ಕೊಕ್ಕರೆಯ ಎರಡು ದಿನ ಗಾಳಿಗೆ. ಮುಂದಿನ ಸಲ ಕೊಕ್ಕರೆಗೆ ಜ್ವರ ಬಂದಾಗ ಅವಳ ಹೊಸ್ತಿಲಿನಲ್ಲಿ ತಾನು ನಿಂತಿರಬೇಕು.

"ಸಾರ್," ಅಂದಳು ಏಣಿ. "ಹೋದ ತಿಂಗಳು ನಿಮಗೆ ನೆಗಡಿ ಆಗಿ ನಾಲ್ಕು ದಿನ ಬರಲಿಲ್ಲ."

"ಅದಕ್ಕೆ?"

"ನಿಮ್ಮ ಜೋಡಿ ಯಾರು? ಅವರ ಸಂಬಳ ಹಿಡಿದ್ರಾ?"

ಗಂಟಿನ ಮೇಲಿಂದ ಗುಬ್ಬಚ್ಚಿ ಕಿಸಕ್ಕನೆ ನಕ್ಕಳು. ಏಣಿ ಹಜಾರಕ್ಕೆ ಬಂದು, ಲಾರಿಗೆಂದು ಪೇರಿಸಿಟ್ಟ ರಾಶಿಯ ಮೇಲಿನ ಶೀಟು ಎತ್ತಿಕೊಂಡಳು. ಎರಡು ಮೂಲೆ ತಾನು ಹಿಡಿದಳು. ಎರಡು ಮೂಲೆ ಚಾಚಿದಳು.

"ಹಿಡಿಯೇ."

ಕೊಕ್ಕರೆ ಹಿಡಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ಕೈ ಹಿಂದುಮುಂದಾಗಿ ನಡೆಯಿತು. ಹತ್ತಿರ ಬರುವ ಬದಲು ಇಬ್ಬರೂ ದೂರ ಸರಿದರು. ಮಡಿಕೆ ಬಿಚ್ಚಿತು. ಮತ್ತೊಂದು ಬಿಚ್ಚಿತು. ಒದರಿದರು. ಶೀಟು ಗಾಳಿಯಲ್ಲಿ ಉಬ್ಬಿ ನೆಲಕ್ಕಿಳಿಯಿತು. ಏಣಿ ಅದರ ಮೇಲೆ ಮಲಗಿದಳು.

ಎಷ್ಟು ಸಾವಿರ ಶೀಟು ಮಡಚಿದ್ದಳೋ. ಅವುಗಳಲ್ಲಿ ಒಂದರ ಮೇಲೂ ಬೆನ್ನು ಊರಿರಲಿಲ್ಲ. ಬೆಚ್ಚಗಿತ್ತು. ರೋಗಿಗಳಿಗೆ ಇಷ್ಟು ಸುಖವಾ ಅನ್ನಿಸಿತು.

"ಏಳೇ, ಇದೇನು ಛತ್ರವಾ?" ಮೇಸ್ತ್ರಿ ಓಡಿ ಬಂದ.

"ರಜಾ ತಗೊಂಡಿದೀನಿ ಸಾರ್," ಅಂದಳು ಏಣಿ, ಕಣ್ಣು ಮುಚ್ಚಿಕೊಂಡೇ.

"ಜೋಡಿ ಇಲ್ಲ ಅನ್ಬೇಡಿ," ಅಂದಳು ಕೊಕ್ಕರೆ. "ಅವಳು ಇಲ್ಲೇ ಇದಾಳೆ, ನಾನು ಇಲ್ಲೇ ಇದೀನಿ. ಇಬ್ಬರೂ ಹಾಜರ್. ಬರ್ಕೊಳ್ಳಿ."

ಗುಬ್ಬಚ್ಚಿ ಗಂಟಿನಿಂದ ಜಿಗಿದಳು. ತನ್ನ ಜೋಡಿಯನ್ನು ಕರೆದು ರಾಶಿಯಿಂದ ಒಂದು ಶೀಟು ಎಳೆದಳು. ಬಿಚ್ಚಿದರು. ಹಾಸಿದರು. ಆಮೇಲೆ ಇನ್ನೊಂದು ಜೋಡಿ. ಮತ್ತೊಂದು. ಒಬ್ಬಳಿಗೆ ಕಳೆದ ವರ್ಷ ಮಲಗಲು ಬಿಡದ ಜ್ವರ ನೆನಪಾಯಿತು. ಇನ್ನೊಬ್ಬಳಿಗೆ ಗರ್ಭ ಇಳಿದ ಮರುದಿನವೇ ಶೀಟು ಜಗ್ಗಿದ್ದು ನೆನಪಾಯಿತು. ಎಲ್ಲರೂ ಮಲಗಿದರು. ಹಜಾರ ಎಂಟನೆಯ ಆಸ್ಪತ್ರೆಯಾಯಿತು.

ಉರುಳೆಗೆ ಇದೊಂದೂ ಗೊತ್ತಿಲ್ಲ. ಅದು ಶೀಟು ಇಳಿಸುತ್ತಲೇ ಇತ್ತು. ಹಿಡಿಯುವವರಿಲ್ಲದೆ ಶೀಟುಗಳು ಕುಪ್ಪೆಯಾಗಿ ನೆಲಕ್ಕೆ ಬೀಳತೊಡಗಿದವು. ಹೊರಗೆ ಲಾರಿ ಹಾರ್ನ್ ಹೊಡೆಯಿತು. ಏಳು ಆಸ್ಪತ್ರೆಗಳು ಕಾಯುತ್ತಿದ್ದವು. ಮೇಸ್ತ್ರಿ ಓಡಿ ಹೋಗಿ ಒಂದು ಶೀಟು ಹಿಡಿದ. ಮೂಲೆ ನಾಲ್ಕು, ಕೈ ಎರಡು. "ಅಯ್ಯಯ್ಯೋ ಬಿಸಿ," ಅಂತ ಕುಣಿದ. "ಸಾರ್, ಬನ್ನಿ ಸಾರ್, ಆ ಕಡೆ ಹಿಡೀರಿ ಸಾರ್."

ಮ್ಯಾನೇಜರ್ ಸಾಹೇಬರು ಬಂದರು. ಆ ಕಡೆ ಹಿಡಿದರು. ಜಗ್ಗಿದರು. ಒಬ್ಬ ಆರಡಿ, ಒಬ್ಬ ಐದಕ್ಕೂ ಕಡಿಮೆ. ಶೀಟು ಗಾಳಿಗೆ ಬಾಗಿದ ಚಪ್ಪರದಂತೆ ಓರೆಯಾಯಿತು. ಮಡಚಿದರು. ಮಡಚಿದ್ದು ಶೀಟೋ ಸಮೋಸವೋ ತಿಳಿಯಲಿಲ್ಲ.

"ಸಾಹೇಬರಿಗೆ ಜೋಡಿ ಸಿಕ್ಕಿದ," ಅಂದಳು ಗುಬ್ಬಚ್ಚಿ ಮಲಗಿದಲ್ಲಿಂದಲೇ. "ಗೀಟು ಮಾತ್ರ ಕೂಡಿಲ್ಲ."

ಹನ್ನೊಂದನೇ ಶೀಟಿಗೆ ಸಾಹೇಬರ ಬೆರಳಿಗೆ ಬೊಬ್ಬೆ ಬಂತು. ಹನ್ನೆರಡನೆಯದನ್ನು ಅವರು ಹಿಡಿಯಲಿಲ್ಲ. ಹಲಗೆಯ ಹತ್ತಿರ ಹೋಗಿ, ಬೊಬ್ಬೆಯಿಲ್ಲದ ಕೈಯಿಂದ ಸೀಮೆಸುಣ್ಣದ ಸಾಲನ್ನು ತಾವೇ ಒರೆಸಿದರು. ಒದ್ದೆ ಬಟ್ಟೆ ಎತ್ತಿಕೊಟ್ಟವಳು ಕೊಕ್ಕರೆ.

ಏಣಿ ಅವತ್ತು ಮನೆಗೆ ಹೋಗಿ ಎರಡು ದಿನ ಮಲಗಿದಳು. ವಾರದ ಕೊನೆಗೆ ಎರಡೂ ದಿನದ ಕೂಲಿ ಅವಳಿಗೂ ಬಂತು, ಕೊಕ್ಕರೆಗೂ ಬಂತು. ಅತ್ತೆ ನಂಬಲಿಲ್ಲ. ಮಲಗಿದ್ದಕ್ಕೆ ಕೊಟ್ಟ ಕೂಲಿ ಹೇಗಿರುತ್ತದೆಂದು ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದಳು. "ನನ್ನ ಆ ಒಂದು ದಿನದ್ದೂ ಕೇಳ್ಬೇಕಿತ್ತು ಕಣೇ," ಅಂದಳು.

ಏಣಿ ಕೆಲಸಕ್ಕೆ ಮರಳಿದ ಬೆಳಿಗ್ಗೆ ಮೇಸ್ತ್ರಿ ಸುತ್ತಿಗೆ ಹಿಡಿದು ನಿಂತಿದ್ದ. ಚೌಕಟ್ಟು ಎಲ್ಲಿ ಹಾಕುವುದು ಅನ್ನುವ ಜಗಳ ನಡೆದಿತ್ತು. ಎಲ್ಲ ಕೆಲಸಗಾರರ ಕಣ್ಣಿಗೂ ಬೀಳುವ ಎತ್ತರ ಅಂತ ಕಾಗದದಲ್ಲೇ ಇದೆಯಲ್ಲ. ಹೆಂಗಸರು ಅವನನ್ನು ಗೋಡೆಯ ಪೆನ್ಸಿಲಿನ ಗೀಟುಗಳ ಹತ್ತಿರ ಎಳೆದುಕೊಂಡು ಹೋದರು. ಇಪ್ಪತ್ತೆರಡು ಗೀಟಿನಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಗುಬ್ಬಚ್ಚಿ ಬೆರಳಿಟ್ಟು ತೋರಿಸಿದಳು.

"ಇಲ್ಲಿಂದ ನಾಲ್ಕು ಬೆರಳು ಕೆಳಗೆ. ನನ್ನ ಕಣ್ಣು ನೆತ್ತಿ ಮೇಲಿಲ್ಲ."

ಮೊಳೆ ಅಲ್ಲೇ ಕೂತಿತು. ಗಾಜ ಮೇಲೆ ಜುಂಗು ಕೂರದಂತೆ ದಿನಾ ಬೆಳಿಗ್ಗೆ ಯಾರಾದರೂ ಒರೆಸುತ್ತಾರೆ. ಯಾವಳಾದರೂ ಬಟ್ಟೆಪಟ್ಟಿಯ ಮೇಲೆ ಮಸಿಯಲ್ಲಿ ಕಾಯಿಲೆ ಬರೆದುಕೊಟ್ಟಾಗ, ಹಾಗೆಲ್ಲಿದೆ ನೋಡೋಣ ಅಂತ ಮ್ಯಾನೇಜರ್ ಸಾಹೇಬರು ಕೋಣೆಯಿಂದ ಎದ್ದು ಬರುತ್ತಾರೆ. ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಮಂಡಿಗೆ ಊರಿ, ಸೊಂಟ ಬಗ್ಗಿಸಿ, ಕತ್ತು ತಗ್ಗಿಸಿ ಓದುತ್ತಾರೆ.

ಹೆಂಗಸರು ಆಗ ಉರುಳೆ ನಿಲ್ಲಿಸುವುದಿಲ್ಲ. ಶೀಟನ್ನು ಸ್ವಲ್ಪ ಕೆಳಗೆ ಹಿಡಿಯುತ್ತಾರೆ, ಬಗ್ಗಿದ ಸಾಹೇಬರು ಕಾಣಲಿ ಅಂತ.